ಲೈಫ್ ಜಾಕೆಟ್ ಕಿವಿ ಮುಟ್ಟಬಾರದು: ಮಲೆನಾಡಿನಲ್ಲಿ ಮಕ್ಕಳ ಸಾಹಸ ರಜೆಗೆ ಸಿದ್ಧತೆ ಹೀಗಿರಲಿ

ತಂಗಿಯ ಮಗಳಿಗೆ ಆಗ ಎಂಟು ವರ್ಷ. ಶರಾವತಿ ಹಿನ್ನೀರಿನ ಒಂದು ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೆ. ದಡದಲ್ಲಿ ರಾಶಿ ಬಿದ್ದಿದ್ದ ಲೈಫ್ ಜಾಕೆಟ್‌ಗಳಲ್ಲಿ ಒಂದನ್ನು ಎತ್ತಿ ಅವಳಿಗೆ ತೊಡಿಸಿದರು, ಮುಂದಿನ ಎರಡು ಬಕಲ್ ಹಾಕಿದರು, ‘ಹೂಂ, ಇಳಿ’ ಅಂದರು. ಸೊಂಟದುದ್ದ ನೀರಿನಲ್ಲಿ ಅವಳ ಕಾಲು ಜಾರಿತು. ಜಾಕೆಟ್ ತೇಲಿತು, ಮಗು ಅದರೊಳಗಿಂದ ಕೆಳಕ್ಕೆ ಜಾರಿತು. ಕಾಲರ್ ಕಿವಿ ದಾಟಿ ಮೇಲೆ ಬಂದಿತ್ತು, ಮೂಗು ನೀರೊಳಗಿತ್ತು. ಎರಡು ಹೆಜ್ಜೆ ಆಚೆಗೇ ಇದ್ದೆ, ಎತ್ತಿಕೊಂಡೆ. ಅದು ದೊಡ್ಡವರ ಅಳತೆಯ ಜಾಕೆಟ್. ಅವರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಅದಾದ ಮೇಲೂ ಪ್ರತಿ ವರ್ಷ ಮನೆಯ, ಓಣಿಯ ಮಕ್ಕಳನ್ನು ಕಟ್ಟಿಕೊಂಡು ಬೆಟ್ಟ, ಹೊಳೆ ಸುತ್ತುತ್ತಲೇ ಇದ್ದೇನೆ. ಅಡಿಕೆ ಮರದ ಕಾಲುಸಂಕವನ್ನು ತಾನೇ ದಾಟಿದ ಮಗುವಿಗೆ ತನ್ನ ಕಾಲಿನ ಮೇಲೆ ಹುಟ್ಟುವ ನಂಬಿಕೆ ದೊಡ್ಡದು. ಆದರೆ ದಿನದ ದೂರ, ಚೀಲದ ಭಾರ, ಜಾಕೆಟ್ಟಿನ ಅಳತೆ ಎಲ್ಲವೂ ಗುಂಪಿನ ಅತಿ ಚಿಕ್ಕ ಮಗುವಿಗೆ ಹೊಂದಬೇಕು. ಮಲೆನಾಡಿಗೆ ಮಕ್ಕಳನ್ನು ಕರೆತರುವವರಿಗೆ ನನ್ನ ಪಟ್ಟು ಇದೊಂದೇ. ಇನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲು ರಜೆ ಯಾವುದು ನೋಡಿ

ದಸರಾ ರಜೆ ಬೆಟ್ಟಕ್ಕೆ, ಬೇಸಿಗೆ ರಜೆ ನೀರಿಗೆ. ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದಿರುತ್ತದೆ, ಗುಡ್ಡ ಹಸಿರಾಗಿರುತ್ತದೆ, ನಡೆದರೆ ಬಿಸಿಲು ಸುಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬೋಳು ಗುಡ್ಡ ಹತ್ತಿಸಿದರೆ ಹತ್ತು ಗಂಟೆಗೇ ಮಕ್ಕಳು ಬಾಡುತ್ತಾರೆ, ಮಧ್ಯಾಹ್ನ ಕಳೆದರೆ ಗುಡುಗು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳ ಜೊತೆ ಚಾರಣ ಬೇಡವೇ ಬೇಡ. ಆಗುಂಬೆಯ ಮಳೆಯನ್ನು ಜಗಲಿಯಲ್ಲಿ ಕೂತು ನೋಡಿದರೂ ಮಕ್ಕಳಿಗೆ ಅದು ಹಬ್ಬವೇ.

ನಡಿಗೆಯಿಂದ ಶುರು

ಏಳೆಂಟು ವರ್ಷದವರಿಗೆ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಹೇಳಿ ಮಾಡಿಸಿದ ಜಾಗ. ಗದ್ದೆ ದಾಟಿ ಕಲ್ಲುಹಾಸಿನ ದಾರಿ ಹಿಡಿದರೆ ಕೆಳದಿ ಅರಸರ ಕೋಟೆಯ ಬಾಗಿಲುಗಳು ಒಂದಾದ ಮೇಲೊಂದು ಎದುರಾಗುತ್ತವೆ. ಪ್ರತಿ ಬಾಗಿಲಲ್ಲೂ ಐದು ನಿಮಿಷ ಕೂರಿಸಿ. ‘ಇನ್ನೆಷ್ಟು ದೂರ’ ಅನ್ನುವ ಮಗುವಿಗೆ ಮುಂದಿನ ಬಾಗಿಲು ತೋರಿಸಿದರೆ ಸಾಕು. ಕುಂದಾದ್ರಿಯಲ್ಲಿ ವಾಹನ ಬಹಳ ಮೇಲಿನವರೆಗೆ ಹೋಗುತ್ತದೆ. ಬಸದಿಯ ಪಕ್ಕದ ಕೊಳ ಚೆಂದ, ಬಂಡೆಯ ಅಂಚು ಮಾತ್ರ ಕಡಿದು ಇಳಿದಿದೆ. ಅಲ್ಲಿ ಚಿಕ್ಕವರ ಕೈ ಬಿಡುವಂತಿಲ್ಲ.

1343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಬುಡದಿಂದ ಹತ್ತುವುದು ಹದಿಮೂರು, ಹದಿನಾಲ್ಕು ದಾಟಿದವರ ಕೆಲಸ. ಹಿಡ್ಲುಮನೆ ಜಲಪಾತದ ಪಕ್ಕದ ದಾರಿಯಲ್ಲಿ ಪಾಚಿಗಟ್ಟಿದ ಬಂಡೆಗಳಿವೆ, ಕೈಯೂರಿ ಹತ್ತಬೇಕು. ಚಿಕ್ಕವರಿದ್ದರೆ ಜೀಪಿನಲ್ಲಿ ಮೇಲೆ ಹೋಗಿ ದೇವಸ್ಥಾನದಿಂದ ಸರ್ವಜ್ಞ ಪೀಠದವರೆಗೆ ನಡೆಸಿ. ಅಷ್ಟೇ ಅವರಿಗೆ ಭರ್ತಿ ಸಾಹಸ. ಅರಣ್ಯ ಇಲಾಖೆಯ ಅನುಮತಿ ಬೇಕಾದ ಚಾರಣಗಳಿಗೆ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಚೆಯೇ ನೋಡಿಕೊಳ್ಳಿ. ಗೇಟಿನವರೆಗೆ ಬಂದು ಮಕ್ಕಳ ಮುಖ ಸಣ್ಣದಾಗುವುದು ಬೇಡ.

ಸಮಯದ ಲೆಕ್ಕಕ್ಕೆ 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಹಾಕಿಕೊಟ್ಟ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ: 5 ಕಿ.ಮೀ. ನಡಿಗೆಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿ ಕಾಲಿನ ದೊಡ್ಡವರ ಲೆಕ್ಕ. ಮಕ್ಕಳಿದ್ದರೆ ನಾನು ಬಂದ ಉತ್ತರವನ್ನು ದುಪ್ಪಟ್ಟು ಮಾಡುತ್ತೇನೆ. 5 ಕಿ.ಮೀ. ದೂರ, 600 ಮೀಟರ್ ಏರು ಅಂದರೆ ಹತ್ತುವುದಕ್ಕೇ ನಾಲ್ಕು ಗಂಟೆ. ಬೆಳಿಗ್ಗೆ ಆರೂವರೆಗೆ ಹೊರಟರೆ ಹತ್ತೂವರೆಗೆ ಮೇಲೆ. ಎಲ್ಲೇ ಇರಲಿ, ಹನ್ನೊಂದಕ್ಕೆ ವಾಪಸ್ ಎಂದು ಹೊರಡುವಾಗಲೇ ಮಕ್ಕಳಿಗೆ ಹೇಳಿಬಿಡಿ. ಎಲ್ಲರಿಗಿಂತ ನಿಧಾನ ನಡೆಯುವ ಮಗು ಮುಂದಿರಲಿ, ಹಾದಿ ಬಲ್ಲವರು ಅದರ ಜೊತೆಗಿರಲಿ, ಇನ್ನೊಬ್ಬ ದೊಡ್ಡವರು ಕಟ್ಟಕಡೆಗೆ.

ಚೀಲದ ಭಾರ ಮಗುವಿನ ತೂಕದ ಹತ್ತನೇ ಒಂದು ಪಾಲು ಮೀರದಿರಲಿ. 30 ಕೆ.ಜಿ. ಮಗುವಿಗೆ 3 ಕೆ.ಜಿ. ಒಂದೂವರೆ ಲೀಟರ್ ನೀರಿಗೇ ಅರ್ಧ ಹೋಯಿತು. ಉಳಿದದ್ದರಲ್ಲಿ ರೇನ್‌ಕೋಟು, ಅವಲಕ್ಕಿ ಡಬ್ಬಿ, ಬೆಲ್ಲ, ಒಂದು ಜೊತೆ ಒಣ ಕಾಲುಚೀಲ. ಹೊಸ ಶೂ ಹಾಕಿಸಿಕೊಂಡು ಬರಬೇಡಿ, ಹದಿನೈದು ದಿನ ಊರಲ್ಲೇ ಹಾಕಿ ಪಳಗಿಸಿ. ಪ್ರತಿ ಮಗುವಿನ ಕುತ್ತಿಗೆಯಲ್ಲಿ ಒಂದು ಪೀಪಿ. ದಾರಿ ತಪ್ಪಿದರೆ ಹುಡುಕುತ್ತಾ ಓಡಬಾರದು, ಇದ್ದಲ್ಲೇ ಮರ ತಬ್ಬಿ ನಿಂತು ಮೂರು ಸಲ ಊದಬೇಕು. ಇದನ್ನು ಮನೆಯ ಅಂಗಳದಲ್ಲೇ ಆಡಿಸಿ ಕಲಿಸಿ.

ನೀರಿಗಿಳಿಯುವ ಮುನ್ನ

ಸಾಗರ ತಾಲ್ಲೂಕಿನ ಹೊನ್ನೇಮರಡು ಲಿಂಗನಮಕ್ಕಿ ಹಿನ್ನೀರಿನ ದಡದ ಊರು. ತೆಪ್ಪ, ಕಯಾಕ್, ಈಜು ಕಲಿಯಲು ಎಷ್ಟೋ ಮಕ್ಕಳು ಅಲ್ಲಿಗೆ ಬರುತ್ತಾರೆ. ಎಲ್ಲಿಗೇ ಹೋಗಿ, ಜಾಕೆಟ್ ಪರೀಕ್ಷೆ ನಿಮ್ಮ ಕೈಯಲ್ಲೇ ಆಗಲಿ. ಒಳಗಿನ ಚೀಟಿಯಲ್ಲಿ ಎಷ್ಟು ತೂಕದವರಿಗೆ ಎಂದು ಬರೆದಿರುತ್ತದೆ, ಮೊದಲು ಅದನ್ನು ಓದಿ. ಎಲ್ಲ ಬಕಲ್ ಹಾಕಿ, ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿಮಾಡಿ. ಮಗು ಎರಡೂ ಕೈ ಮೇಲೆತ್ತಲಿ. ಈಗ ಭುಜದ ಹತ್ತಿರ ಜಾಕೆಟ್ ಹಿಡಿದು ಮೇಲಕ್ಕೆ ಎಳೆಯಿರಿ. ಗಲ್ಲ, ಕಿವಿ ಮುಟ್ಟುವಷ್ಟು ಮೇಲೆ ಬಂತೋ, ಅದು ಆ ಮಗುವಿನದಲ್ಲ. ಚಿಕ್ಕವರಿಗೆ ಕಾಲುಗಳ ನಡುವೆ ಹಾದುಬರುವ ಪಟ್ಟಿ ಇರಲೇಬೇಕು. ಅದೊಂದಿದ್ದಿದ್ದರೆ ನನ್ನ ತಂಗಿಯ ಮಗಳು ಅವತ್ತು ನೀರು ಕುಡಿಯುತ್ತಿರಲಿಲ್ಲ. ಗಾಳಿ ತುಂಬಿದ ಟ್ಯೂಬು, ತೋಳಿನ ಬಳೆಗಳು ಆಟದ ಸಾಮಾನು, ಅವನ್ನು ನಂಬಬೇಡಿ.

ಆಮೇಲೆ ದಡದ ಹತ್ತಿರವೇ ಮಗುವನ್ನು ನೀರಿನ ಮೇಲೆ ಅಂಗಾತ ಮಲಗಿಸಿ. ಮೊದಲು ಕತ್ತು ಸೆಟೆದು ಕೈಕಾಲು ಬಡಿಯುತ್ತದೆ. ತಲೆಯ ಕೆಳಗೆ ನಿಮ್ಮ ಅಂಗೈ ಇಟ್ಟು ‘ಮೋಡ ನೋಡು’ ಅನ್ನಿ. ಒಂದೆರಡು ನಿಮಿಷದಲ್ಲಿ ಭುಜ ಸಡಿಲವಾಗುವುದು ಅಂಗೈಗೇ ಗೊತ್ತಾಗುತ್ತದೆ, ಆಗ ಮೆಲ್ಲಗೆ ಕೈ ತೆಗೆಯಿರಿ. ಜಾಕೆಟ್ ತನ್ನನ್ನು ಹೊತ್ತುಕೊಂಡಿದೆ ಎಂದು ಮೈಗೆ ತಿಳಿದ ಮಗು ದೋಣಿ ಮಗುಚಿದರೂ ಗಾಬರಿಯಾಗುವುದಿಲ್ಲ. ಮಗುಚಿದಾಗ ದಡಕ್ಕೆ ಈಜಲು ಹೋಗದೆ ದೋಣಿಯನ್ನೇ ಹಿಡಿದುಕೊಂಡಿರಬೇಕು ಎಂಬುದು ಎರಡನೇ ಪಾಠ.

ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತದೆ. 1964ರ ಅಣೆಕಟ್ಟಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಆಗ ನೀರಿನ ಮೇಲ್ಮಟ್ಟಕ್ಕೆ ಹತ್ತಿರ ಬಂದಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಬಂಡೆಯಿಂದ ನೀರಿಗೆ ಹಾರುವ ಆಟ ಬೇಡ. ಹದಿಹರೆಯದ ಹುಡುಗರಿಗೆ ಇದನ್ನು ಎರಡೆರಡು ಸಲ ಹೇಳಿ.

ಹಗ್ಗ ಕಟ್ಟುವಾಗ ಕೇಳುವ ಪ್ರಶ್ನೆ

ಮಕ್ಕಳನ್ನು ಹಗ್ಗ ಕಟ್ಟಿ ಬಂಡೆಯಿಂದ ಇಳಿಸುವ ಶಿಬಿರದಲ್ಲಿ ಒಂದೇ ಪ್ರಶ್ನೆ ಕೇಳಿ: ‘ಎರಡನೇ ಹಗ್ಗ ಎಲ್ಲಿ?’ ಮಗು ಇಳಿಯುವ ಹಗ್ಗ ಒಂದು. ಅದು ಕೈಬಿಟ್ಟರೂ ಹಿಡಿದು ನಿಲ್ಲಿಸಲು ತರಬೇತಾದವರ ಕೈಯಲ್ಲಿ ಇನ್ನೊಂದು ಇರಬೇಕು. ಇಲ್ಲ ಅಂದರೆ ವಾಪಸ್ ಬನ್ನಿ. ಸೊಂಟ ಇನ್ನೂ ತುಂಬದ ಚಿಕ್ಕ ಮಕ್ಕಳಿಗೆ ಬರೀ ಸೊಂಟದ ಹಾರ್ನೆಸ್ (ಹಗ್ಗ ಸಿಕ್ಕಿಸಲು ಮೈಗೆ ತೊಡುವ ಪಟ್ಟಿಗಳು) ಸಾಲದು, ತಲೆಕೆಳಗಾದರೆ ಜಾರಿಬಿಡುತ್ತಾರೆ. ಎದೆಯನ್ನೂ ಸುತ್ತುವ ಪೂರ್ಣ ಹಾರ್ನೆಸ್ ಕೇಳಿ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂತಿರಲಿ. ನೆಲದಿಂದ ಒಂದಡಿ ಎತ್ತರದಲ್ಲಿ ಮೊದಲು ಜೋತಾಡಿಸಿ ನೋಡಲಿ.

ಅಂಚಿನಲ್ಲಿ ನಿಂತ ಮಗು ‘ಸಾಕು’ ಅಂದರೆ ಅಲ್ಲಿಗೆ ಮುಗಿಯಿತು. ‘ಅವನು ಇಳಿದ, ನೀನು ಹೆದರುಪುಕ್ಕಲ’ ಎಂಬ ಮಾತು ನಮ್ಮ ಗುಂಪಿನಲ್ಲಿ ಯಾರೂ ಆಡುವಂತಿಲ್ಲ. ಮೊದಲ ವರ್ಷ ‘ಸಾಕು’ ಅಂದ ಹುಡುಗಿಯೊಬ್ಬಳು ಮರುವರ್ಷ ತಾನೇ ಬಂದು ಹಾರ್ನೆಸ್ ತೊಟ್ಟಳು.

ಗುಡುಗು, ಹಳ್ಳ

ಮಿಂಚು ಕಂಡ ಕೂಡಲೇ ಎಣಿಸಲು ಮಕ್ಕಳಿಗೆ ಕಲಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ನೆತ್ತಿ, ಒಂಟಿ ಮರ, ನೀರು ಮೂರನ್ನೂ ಬಿಟ್ಟು ಕಟ್ಟಡದೊಳಗೋ ಕಾರಿನೊಳಗೋ ಸೇರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬೇಡಿ.

ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ತರಗು ಕಡ್ಡಿ ತೇಲಿಬಂದರೆ, ಸದ್ದು ಬದಲಾದರೆ ಮೇಲೆಲ್ಲೋ ಮಳೆ ಹೊಡೆದಿದೆ ಎಂದರ್ಥ. ನೀವು ನಿಂತಲ್ಲಿ ಬಿಸಿಲಿರಬಹುದು. ಆಟ ನಿಲ್ಲಿಸಿ ಮೇಲೆ ಬನ್ನಿ. ದಾಟಲೇಬೇಕಿದ್ದರೆ ಕಾಯಿರಿ, ಮಲೆನಾಡಿನ ಹಳ್ಳ ಏರಿದಷ್ಟೇ ಬೇಗ ಇಳಿಯುವುದೂ ಉಂಟು.

ಇಂಬಳ, ಉಣುಗು

ಇಂಬಳಕ್ಕೆ (ಕಾಡಿನ ಜಿಗಣೆಗೆ) ಹೆದರಬೇಕಿಲ್ಲ. ಎಳೆದು ಕೀಳದೆ ಕಚ್ಚಿದ ಜಾಗಕ್ಕೆ ಉಗುರು ತಾಗಿಸಿ ಪಕ್ಕಕ್ಕೆ ಸರಿಸಿ, ಅಥವಾ ನಮ್ಮಲ್ಲಿ ಕೋಲಿನ ತುದಿಗೆ ಕಟ್ಟುವ ಉಪ್ಪಿನ ಗಂಟನ್ನು ಮುಟ್ಟಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲವಾದ್ದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ಸೋಪು ಹಾಕಿ ತೊಳೆದು ಬಟ್ಟೆ ಒತ್ತಿ ಹಿಡಿದರೆ ಆಯಿತು.

ಉಣುಗಿನ (ರಕ್ತ ಹೀರುವ ಉಣ್ಣೆ ಹುಳುವಿನ) ವಿಷಯ ಹಾಗಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗಿನ ಮರಿಗಳು ಎಳ್ಳು ಕಾಳಿನಷ್ಟು ಚಿಕ್ಕವು. ಡಿಸೆಂಬರ್‌ನಿಂದ ಮೇವರೆಗೆ ಅವುಗಳ ಕಾಟ ಹೆಚ್ಚು, ಅಂದರೆ ಕ್ರಿಸ್‌ಮಸ್ ರಜೆ, ಬೇಸಿಗೆ ರಜೆ ಎರಡೂ ಅದರೊಳಗೇ ಬಂತು. ಕಾಡಿಗೆ ಹೊರಡುವ ಮುನ್ನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಕಡೆ ಮಂಗ ಸತ್ತ ಸುದ್ದಿ ಇದೆಯೇ ವಿಚಾರಿಸಿ, ಇದ್ದರೆ ಜಾಗ ಬದಲಿಸಿ. ತುಂಬು ತೋಳಿನ ಅಂಗಿ, ಪ್ಯಾಂಟಿನ ಮೇಲೆ ಎಳೆದ ಕಾಲುಚೀಲ, ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ. ತರಗೆಲೆಯ ಮೇಲೆ ಕೂರುವುದು ಬೇಡ, ಹೊದ್ದ ಟವೆಲ್ ನೆಲಕ್ಕೆ ಹಾಸುವುದೂ ಬೇಡ.

ಮರಳಿದ ಸಂಜೆ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ, ಮಕ್ಕಳಿಗೆ ಸೋಪು ಹಚ್ಚಿ ಸ್ನಾನ ಮಾಡಿಸಿ. ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಕೂದಲ ಬುಡವನ್ನು ಬೆಳಕಿನಲ್ಲಿ ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆತ್ತಿ. ಬರಿಗೈಯಲ್ಲಿ ಹೊಸಕಬೇಡಿ. ಮುಂದಿನ ಎರಡು ವಾರದಲ್ಲಿ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿದರೆ ಮಾತ್ರೆ ನುಂಗಿಸಿ ಸುಮ್ಮನಿರಬೇಡಿ. ಆಸ್ಪತ್ರೆಗೆ ಹೋಗಿ, ‘ಮಲೆನಾಡಿನ ಕಾಡಿಗೆ ಹೋಗಿದ್ದೆವು’ ಎಂದು ವೈದ್ಯರಿಗೆ ಮೊದಲು ಹೇಳಿ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತ ವೈದ್ಯರಿಗೆ ಅದು ತಾನಾಗಿ ಹೊಳೆಯುವುದು ಕಷ್ಟ.