ಮೂರು ಚೌಕಟ್ಟುಗಳ ನಿಯಂತ್ರಣಗಳನ್ನು ಒಂದೇ ಕಡೆ ತಂದ ನನ್ನ ಅನುಭವ

ನಮ್ಮ ಸಂಸ್ಥೆ ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 27001ರ ಪ್ರಮಾಣಪತ್ರವನ್ನು ಉಳಿಸಿಕೊಳ್ಳಬೇಕಿತ್ತು. ಕಾರ್ಡ್ ಪಾವತಿಗಳನ್ನು ನಿರ್ವಹಿಸುತ್ತಿದ್ದುದರಿಂದ ಕಾರ್ಡ್ ಮಾಹಿತಿಯ ಭದ್ರತಾ ಮಾನದಂಡವಾದ ಪಿಸಿಐ ಡಿಎಸ್‌ಎಸ್ ಪಾಲಿಸಬೇಕಿತ್ತು. ಇವೆರಡರ ಜೊತೆಗೆ ಸೈಬರ್ ಭದ್ರತಾ ಕ್ರಮಗಳ ಪಟ್ಟಿಯಾದ ಸಿಐಎಸ್ ಕಂಟ್ರೋಲ್ಸ್ ಅನ್ನು ನಾವೇ ಆಂತರಿಕ ಅಳತೆಗೋಲಾಗಿ ಒಪ್ಪಿಕೊಂಡಿದ್ದೆವು. ಮೂರಕ್ಕೂ ಬೇರೆ ಬೇರೆ ಸ್ಪ್ರೆಡ್‌ಶೀಟ್‌ಗಳಿದ್ದವು. ಒಂದೇ ಸರ್ವರ್‌ನ ಒಂದೇ ಸೆಟ್ಟಿಂಗ್‌ನ ಸ್ಕ್ರೀನ್‌ಶಾಟನ್ನು ವರ್ಷಕ್ಕೆ ಮೂರು ಸಲ ತೆಗೆದು, ಮೂರು ಹೆಸರಿನಲ್ಲಿ ಮೂರು ಫೋಲ್ಡರ್‌ಗಳಲ್ಲಿ ಇಡುತ್ತಿದ್ದೆವು. ಇದನ್ನು ಒಂದೇ ಕೆಲಸವಾಗಿ ಮಾಡುವ ಹೊಣೆ ನನಗೆ ಬಂತು.

ನಾನು ಮೊದಲು ಮಾಡಿದ್ದು ತಪ್ಪು. ಐಎಸ್‌ಒದ 2022ರ ಆವೃತ್ತಿಯಲ್ಲಿರುವ 93 ನಿಯಂತ್ರಣಗಳನ್ನು, ಅಂದರೆ ಭದ್ರತಾ ಕ್ರಮಗಳನ್ನು, ಎಡಗಡೆ ಬರೆದು, ಸಿದ್ಧ ಹೋಲಿಕೆ ಪಟ್ಟಿಗಳ ನೆರವಿನಿಂದ ಉಳಿದ ಎರಡರ ಅಂಶಗಳನ್ನು ಎದುರಿಗೆ ಕೂರಿಸಿ, ಒಂದೇ ಸಾಲಿನಲ್ಲಿದ್ದದ್ದೆಲ್ಲ ಒಂದೇ ಎಂದು ಭಾವಿಸಿದೆ. ಬಳಕೆಯಲ್ಲಿಲ್ಲದ ಖಾತೆಗಳ ಸಾಲು ಆ ಭಾವನೆಯನ್ನು ಒಡೆಯಿತು. ಐಎಸ್‌ಒದ 5.18 ಪ್ರವೇಶ ಹಕ್ಕುಗಳನ್ನು ಪರಿಶೀಲಿಸಬೇಕು, ಬೇಡವಾದವನ್ನು ತೆಗೆಯಬೇಕು ಎನ್ನುತ್ತದೆ, ದಿನಗಳ ಲೆಕ್ಕ ಕೊಡುವುದಿಲ್ಲ. ಪಿಸಿಐ ಡಿಎಸ್‌ಎಸ್‌ನ 8.2.6 ಬಳಸದ ಖಾತೆಯನ್ನು 90 ದಿನಗಳೊಳಗೆ ನಿಷ್ಕ್ರಿಯಗೊಳಿಸಬೇಕೆನ್ನುತ್ತದೆ. ಸಿಐಎಸ್‌ನ 5.3 ಅದಕ್ಕೆ 45 ದಿನ ಕೊಡುತ್ತದೆ. ನಮ್ಮಲ್ಲಿದ್ದ 90 ದಿನಗಳ ನಿಯಮ ಮೊದಲ ಎರಡಕ್ಕೆ ಸಾಕಾಗುತ್ತಿತ್ತು, ಮೂರನೆಯದಕ್ಕೆ ಸಾಕಾಗುತ್ತಿರಲಿಲ್ಲ. ಆದರೂ ನನ್ನ ಪಟ್ಟಿ ಮೂರಕ್ಕೂ ಹಸಿರು ಬಣ್ಣ ತೋರಿಸುತ್ತಿತ್ತು.

ಅಲ್ಲಿಂದ ಮುಂದೆ ಯಾವ ಎರಡು ಅಂಶಗಳನ್ನು ಜೋಡಿಸಿದರೂ ಅವುಗಳ ನಡುವಿನ ಸಂಬಂಧ ಎಂಥದ್ದೆಂದು ಬರೆದೇ ಮುಂದೆ ಹೋಗುವುದನ್ನು ರೂಢಿ ಮಾಡಿಕೊಂಡೆ: ಎರಡೂ ಸಮವೇ, ಒಂದು ಇನ್ನೊಂದರೊಳಗೆ ಅಡಗಿದೆಯೇ, ಅಥವಾ ಸ್ವಲ್ಪ ಭಾಗವಷ್ಟೇ ಕೂಡುತ್ತದೆಯೇ. ಅಮೆರಿಕದ ಮಾನದಂಡ ಸಂಸ್ಥೆಯಾದ ನಿಸ್ಟ್ 2024ರಲ್ಲಿ ಪ್ರಕಟಿಸಿದ ಐಆರ್ 8477 ದಾಖಲೆ ಇದೇ ವಿಚಾರವನ್ನು ಗಣಿತದ ಗಣಗಳ ಭಾಷೆಯಲ್ಲಿ ಕ್ರಮಬದ್ಧವಾಗಿ ಹೇಳುತ್ತದೆ. ಅದರ ಪದಗಳನ್ನೇ ಬಳಸಿಕೊಂಡೆ. ಹೀಗೆ ಬರೆದಾಗ ‘ಸಮ’ ಎನ್ನಿಸಿಕೊಂಡ ಜೋಡಿಗಳು ನಾನು ಎಣಿಸಿದ್ದಕ್ಕಿಂತ ತೀರ ಕಡಿಮೆಯಿದ್ದವು.

ಹೀಗೆ ಜೋಡಿಸಿದ ಅಂಶಗಳ ಪ್ರತಿ ಗುಂಪಿಗೂ ನಮ್ಮದೇ ಒಂದು ನಿಯಂತ್ರಣ ಬರೆದು, ಅದರಲ್ಲಿ ಅತ್ಯಂತ ಬಿಗಿಯಾದ ಮಿತಿಯನ್ನು ಇಟ್ಟೆವು. ಲಾಗ್‌ಗಳ, ಅಂದರೆ ವ್ಯವಸ್ಥೆಯ ಚಟುವಟಿಕೆಯ ದಾಖಲೆಗಳ, ವಿಷಯದಲ್ಲಿ ಇದು ಸಲೀಸಾಗಿತ್ತು: ಅವನ್ನು ಉಳಿಸಿಕೊಳ್ಳಲು ಸಿಐಎಸ್ ಕನಿಷ್ಠ 90 ದಿನ ಕೇಳುತ್ತದೆ, ಪಿಸಿಐ 12 ತಿಂಗಳು ಕೇಳುತ್ತದೆ, ಹಾಗಾಗಿ 12 ತಿಂಗಳು. ಪಾಸ್‌ವರ್ಡ್ ವಿಷಯದಲ್ಲಿ ಈ ಸೂತ್ರ ನಡೆಯಲಿಲ್ಲ. ಪಾಸ್‌ವರ್ಡ್ ಒಂದನ್ನೇ ನಂಬಿದ ಕಡೆ ಅದನ್ನು 90 ದಿನಗಳಿಗೊಮ್ಮೆ ಬದಲಿಸುವುದು ಪಿಸಿಐ ಒಪ್ಪುವ ದಾರಿಗಳಲ್ಲೊಂದು. ಸೋರಿಕೆಯ ಸುಳಿವಿಲ್ಲದೆ ಅವಧಿಗೊಮ್ಮೆ ಬದಲಾಯಿಸುವಂತೆ ಒತ್ತಾಯಿಸಬೇಡಿ ಎಂಬುದು ನಿಸ್ಟ್‌ನ 800-63ಬಿ ಮಾರ್ಗಸೂಚಿ. ಒಂದು ಕಡೆ ಬಿಗಿ ಮಾಡಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ಎಲ್ಲ ಲಾಗಿನ್‌ಗಳಿಗೂ ಎರಡನೆಯ ದೃಢೀಕರಣವನ್ನು ಕಡ್ಡಾಯ ಮಾಡಿದೆವು. ಪಾಸ್‌ವರ್ಡ್ ಒಂದೇ ಆಧಾರವಾಗಿ ಉಳಿಯದ ಕಾರಣ 90 ದಿನಗಳ ಷರತ್ತು ನಮಗೆ ಅನ್ವಯಿಸುವುದೇ ನಿಂತಿತು.

ಈ ನಿಯಂತ್ರಣಗಳ ತಪಾಸಣೆಯ ಯಾಂತ್ರೀಕರಣದಲ್ಲಿ ನಾನು ಹೆಚ್ಚು ಕಲಿತದ್ದು ಅದೇ ಖಾತೆಗಳ ಸಾಲಿನಿಂದ. ಪ್ರತಿ ರಾತ್ರಿ ಒಂದು ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬಳಕೆದಾರರ ಖಾತೆಗಳಿರುವ ಡೈರೆಕ್ಟರಿಯನ್ನು ಓದಿ, ಕೊನೆಯ ಲಾಗಿನ್ ಆಗಿ 45 ದಿನ ಮೀರಿದ ಖಾತೆಗಳನ್ನು ಹುಡುಕಿ, ಫಲಿತಾಂಶವನ್ನು ನಿಯಂತ್ರಣದ ಸಂಖ್ಯೆಯೊಂದಿಗೆ ದಾಖಲಿಸುತ್ತಿತ್ತು. ವಾರಗಟ್ಟಲೆ ಎಲ್ಲವೂ ಸರಿಯಾಗಿಯೇ ಕಂಡಿತು. ಬೇರೆ ಕೆಲಸಕ್ಕೆಂದು ಡೈರೆಕ್ಟರಿಯನ್ನು ಕೈಯಾರೆ ತೆರೆದ ಸಹೋದ್ಯೋಗಿಯೊಬ್ಬರು, ತಿಂಗಳುಗಳ ಹಿಂದೆ ಗುತ್ತಿಗೆದಾರರೊಬ್ಬರಿಗಾಗಿ ಸೃಷ್ಟಿಸಿ ಒಮ್ಮೆಯೂ ಬಳಸದ ಖಾತೆಯೊಂದನ್ನು ತೋರಿಸಿದರು. ಅದರ ಕೊನೆಯ ಲಾಗಿನ್ ದಿನಾಂಕ ಖಾಲಿಯಿತ್ತು. ಖಾಲಿ ಜಾಗ 45 ದಿನಗಳಿಗಿಂತ ಹಳೆಯದಲ್ಲವಾದ್ದರಿಂದ ಸ್ಕ್ರಿಪ್ಟ್ ಅದನ್ನು ಪಾಸು ಮಾಡಿತ್ತು. ಲಾಗಿನ್ ಇಲ್ಲದಿದ್ದರೆ ಖಾತೆ ಸೃಷ್ಟಿಯಾದ ದಿನದಿಂದ ಎಣಿಸುವಂತೆ ತಿದ್ದಿದೆ.

ಸ್ಕ್ರಿಪ್ಟ್‌ನ ಎರಡನೆಯ ದೋಷ ಇದಕ್ಕಿಂತ ಗಂಭೀರವಾಗಿತ್ತು. ಒಂದು ರಾತ್ರಿ ಡೈರೆಕ್ಟರಿ ಓದಲು ಅನುಮತಿ ಕೊಡುವ ಟೋಕನ್‌ನ ಅವಧಿ ಮುಗಿದು, ಸ್ಕ್ರಿಪ್ಟ್‌ಗೆ ಖಾಲಿ ಪಟ್ಟಿ ಸಿಕ್ಕಿತು. ನಿಯಮ ಮೀರಿದ ಖಾತೆ ಒಂದೂ ಇಲ್ಲ ಎಂದು ಅದು ಬರೆದಿಟ್ಟಿತು. ಆ ಸಾಲನ್ನು ನೋಡಿದಾಗ ನನಗೆ ನಿಜಕ್ಕೂ ಕಳವಳವಾಯಿತು, ಏಕೆಂದರೆ ಅದು ಸುಳ್ಳು ಪುರಾವೆಯಾಗಿ ಆಡಿಟರ್ ಕೈ ಸೇರಬಹುದಿತ್ತು. ಈಗ ಪ್ರತಿ ದಾಖಲೆಯಲ್ಲೂ ಎಷ್ಟು ಖಾತೆಗಳನ್ನು ಪರೀಕ್ಷಿಸಲಾಯಿತು ಎಂಬ ಸಂಖ್ಯೆ ಇರುತ್ತದೆ. ಅದನ್ನು ಸಿಬ್ಬಂದಿ ವಿಭಾಗದ ಪಟ್ಟಿಯೊಂದಿಗೆ ತಾಳೆ ನೋಡಲಾಗುತ್ತದೆ. ಪಾಸು, ಫೇಲು ಎಂಬ ಎರಡರ ಜೊತೆಗೆ ‘ನಿರ್ಧರಿಸಲಾಗಿಲ್ಲ’ ಎಂಬ ಮೂರನೆಯ ಫಲಿತಾಂಶವೂ ಇದೆ. ಪಟ್ಟಿ ಪೂರ್ಣವಾಗಿದೆಯೇ ಎಂದು ಆಡಿಟರ್‌ಗಳು ಕೇಳುವ ಪ್ರಶ್ನೆಗೆ ಇದೇ ಉತ್ತರ.

ಜನರ ಬದಲು ತಂತ್ರಾಂಶಗಳು ಬಳಸುವ ಸರ್ವಿಸ್ ಖಾತೆಗಳಂಥ ವಿನಾಯಿತಿಗಳನ್ನು ಹೊಣೆಗಾರರ ಹೆಸರು ಮತ್ತು ಮುಕ್ತಾಯದ ದಿನಾಂಕದೊಂದಿಗೆ ಅದೇ ಕಡತದಲ್ಲಿ ಬರೆಯುತ್ತೇವೆ. ತರಬೇತಿ, ಆಡಳಿತ ಮಂಡಳಿಯ ಪರಿಶೀಲನೆ ಮುಂತಾದವನ್ನು ಸ್ಕ್ರಿಪ್ಟ್‌ಗೆ ಒಪ್ಪಿಸುವ ಪ್ರಯತ್ನವನ್ನು ನಾನು ಮಾಡಲಿಲ್ಲ, ಅವುಗಳಿಗೆ ಜ್ಞಾಪನೆ ಕಳುಹಿಸುವುದಷ್ಟೇ ಯಂತ್ರದ ಕೆಲಸ.

ಹಳೆಯ ಡೈರೆಕ್ಟರಿಯೊಂದು ಕೊನೆಯ ಲಾಗಿನ್ ದಿನಾಂಕವನ್ನು ದಾಖಲಿಸುವುದೇ ಇಲ್ಲ. ಅದರಲ್ಲಿರುವ ಖಾತೆಗಳೆಲ್ಲ ಇಂದಿಗೂ ‘ನಿರ್ಧರಿಸಲಾಗಿಲ್ಲ’ ಎಂದೇ ವರದಿಯಾಗುತ್ತವೆ, ಮತ್ತು ಅದನ್ನು ಸ್ಥಗಿತಗೊಳಿಸುವವರೆಗೆ ತಿಂಗಳಿಗೊಮ್ಮೆ ನಾವು ಅವುಗಳನ್ನು ಒಂದೊಂದಾಗಿ ಕೈಯಾರೆ ಪರಿಶೀಲಿಸುತ್ತಿದ್ದೇವೆ.