ಲಿಫ್ಟ್ ಎಂದರೆ ಬೈಕಿನ ಹಿಂದಿನ ಸೀಟು

ಹನ್ನೊಂದು ವರ್ಷ ಒಂದೇ ಬಗೆಯಲ್ಲಿ ಇಂಗ್ಲಿಷ್ ಪದ್ಯ ಕಲಿಸಿದ್ದೆ. ಒಮ್ಮೆ ಓದುವುದು, ಸಾಲು ಸಾಲಿಗೆ ಕನ್ನಡದಲ್ಲಿ ಅರ್ಥ ಹೇಳುವುದು, ಕೊನೆಗೆ ಬೋರ್ಡಿನ ಮೇಲೆ ಸಾರಾಂಶ ಬರೆಯುವುದು. ಮಕ್ಕಳು ಅದನ್ನು ಬರೆದುಕೊಂಡು ಉರು ಹೊಡೆಯುತ್ತಿದ್ದರು. ಎಸ್ಸೆಸ್ಸೆಲ್ಸಿಯ 80 ಅಂಕದ ಲಿಖಿತ ಪರೀಕ್ಷೆಗೆ ಅಷ್ಟು ಸಾಕಿತ್ತು. ಆದರೆ ಮರುವರ್ಷ ಬಸ್ ನಿಲ್ದಾಣದಲ್ಲಿ ಸಿಕ್ಕ ಹುಡುಗನೊಬ್ಬನಿಗೆ ಮರ ಹತ್ತಿದ್ದು ಅಜ್ಜಿಯೋ ಅಜ್ಜನೋ ಎಂಬುದೇ ನೆನಪಿರಲಿಲ್ಲ.

ಪದ್ಯ ರಸ್ಕಿನ್ ಬಾಂಡ್ ಅವರ ‘ಗ್ರ್ಯಾಂಡ್‌ಮಾ ಕ್ಲೈಂಬ್ಸ್ ಎ ಟ್ರೀ’. ಹತ್ತನೆಯ ತರಗತಿಯ ದ್ವಿತೀಯ ಭಾಷೆಯ ಪುಸ್ತಕದಲ್ಲಿತ್ತು. 62ನೆಯ ವಯಸ್ಸಿನಲ್ಲೂ ಮರ ಹತ್ತುವ ಅಜ್ಜಿ, ವಾರವಿಡೀ ಮಲಗಿರಲು ಹೇಳುವ ವೈದ್ಯರು, ಕಡೆಗೆ ಮರದ ಮೇಲೆಯೇ ಒಂದು ಮನೆ. ನಮ್ಮದು ಶಿರಸಿ ಸೀಮೆಯ ಕನ್ನಡ ಮಾಧ್ಯಮ ಶಾಲೆ, ಸುತ್ತ ಅಡಿಕೆ ತೋಟ.

ಆ ವರ್ಷ ಪದ್ಯವನ್ನು ಎರಡೆರಡು ಸಾಲಿನ ಚೀಟಿಗಳಾಗಿ ಕತ್ತರಿಸಿ ಆರು ಗುಂಪುಗಳಿಗೆ ಹಂಚಿದೆ. ಪುಸ್ತಕ ಚೀಲದಲ್ಲಿರಲಿ, ಕಥೆ ಕೂಡುವ ಹಾಗೆ ಜೋಡಿಸಿ ಎಂದೆ. ಮೊದಲ ದಿನ ಸಂತೆ. ಪಕ್ಕದ ಕೊಠಡಿಯ ಗಣಿತದ ಮೇಷ್ಟ್ರು ಎರಡು ಬಾರಿ ಇಣುಕಿ ಹೋದರು. ಮಾತೆಲ್ಲ ಕನ್ನಡದಲ್ಲೇ ನಡೆಯಿತು. ತಡೆಯಬೇಕೆನಿಸಿದರೂ ಬಾಯಿ ಬಿಗಿಹಿಡಿದೆ. ಅಜ್ಜಿಗೆ ಲಿಫ್ಟಿಗಿಂತ ಮರದಲ್ಲೇ ಹೆಚ್ಚು ಖುಷಿ ಎಂಬ ಸಾಲನ್ನು ಒಂದು ಗುಂಪು ಹೀಗೆ ಬಿಡಿಸಿತು: ಅಜ್ಜಿಗೆ ಯಾರ ಬೈಕಿನ ಹಿಂದೆಯೂ ಕೂರುವುದು ಇಷ್ಟವಿಲ್ಲ. ಲಿಫ್ಟ್ ಕೇಳಿಯೇ ಶಾಲೆಗೆ ಬರುವ ಮಕ್ಕಳು! ಇದು ಮಹಡಿಗೆ ಏರಿಸುವ ಲಿಫ್ಟ್ ಎಂದು ತಿದ್ದಿದೆ ನಿಜ, ಆದರೆ ಅವರ ಅರ್ಥವೂ ಅಜ್ಜಿಯ ಹಟಕ್ಕೆ ಒಪ್ಪುತ್ತದೆ ಎಂದು ಈಗಲೂ ಅನಿಸುತ್ತದೆ.

ಎರಡನೆಯ ದಿನ ಒಂದೇ ಪ್ರಶ್ನೆ ಬರೆದೆ. ವಯಸ್ಸಾದ ಮೇಲೆ ಮರ ಹತ್ತುವುದನ್ನು ಬಿಡಬೇಕು ಎಂದು ಅಜ್ಜಿಗೆ ಹೇಳಲಾಗುತ್ತಿತ್ತು ಎಂದು ಪದ್ಯದಲ್ಲಿದೆ, ಹೇಳಿದವರು ಯಾರು? ಹುಡುಕಿದರು, ಸಿಗಲಿಲ್ಲ. ಸೊಸೆ ಎಂದರು ಕೆಲವರು, ನೆರೆಹೊರೆಯವರು ಎಂದರು ಕೆಲವರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ಎಲ್ಲರೂ ಹೇಳುತ್ತಾರೆ, ಅದಕ್ಕೇ ಹೆಸರು ಹಾಕಿಲ್ಲ” ಎಂದಳು. ನಾನು ಇಷ್ಟು ವರ್ಷ ಕರ್ಮಣಿ ಪ್ರಯೋಗವನ್ನು ರಾಮ ರಾವಣನನ್ನು ಕೊಂದ ವಾಕ್ಯ ತಿರುಗಿಸಿ ಕಲಿಸಿದವನು. ಕರ್ತೃವನ್ನು ಮರೆಮಾಡುವುದಕ್ಕೂ ಅದು ಒದಗುತ್ತದೆ ಎಂದು ತರಗತಿಯಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಮೂರನೆಯ ದಿನ ಅಜ್ಜಿಯ ಸಂದರ್ಶನ ಮಾಡಿಸಿದೆ, ಅದು ಸಪ್ಪೆಯಾಯಿತು. ಚುರುಕಾದ ನಾಲ್ವರೇ ಮಾತನಾಡಿದರು, ಉಳಿದವರು ಸಭಿಕರು. ಈಗ ಪಾತ್ರ ಹಂಚುವ ಮೊದಲು ಪ್ರತಿಯೊಬ್ಬರಿಂದ ಒಂದೊಂದು ಪ್ರಶ್ನೆ ಬರೆಸಿಕೊಳ್ಳುತ್ತೇನೆ.

ಪದ್ಯ ಶುರುವಾಗುವುದೇ ‘ನನ್ನಜ್ಜಿ ಜೀನಿಯಸ್’ ಎಂದು. ಕೊನೆಗೆ, ಮನೆಯಲ್ಲಿ ಹಾಗೆ ಜೀನಿಯಸ್ ಎನಿಸುವವರ ಬಗ್ಗೆ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆಯಲು ಕೊಟ್ಟೆ. ಹೆಚ್ಚಿನವರು ಅಜ್ಜಿಯ ಬಗ್ಗೆಯೇ ಬರೆದರು. ಒಬ್ಬ ಹುಡುಗನ ಅಪ್ಪ ಕೊನೆಗೌಡ, ಎಂದರೆ ಅಡಿಕೆ ಕೊನೆ ಕೊಯ್ಯುವವರು. ಒಂದು ಅಡಿಕೆ ಮರದ ತುದಿಯಿಂದ ಮರವನ್ನು ಬಾಗಿಸಿ, ಕೆಳಗಿಳಿಯದೆ ಇನ್ನೊಂದಕ್ಕೆ ದಾಟುವವರು. ಅವನು ಬರೆದದ್ದು ಎರಡೇ ಸಾಲು: “ಮೈ ಫಾದರ್ ಕ್ಲೈಂಬ್ ಟ್ರೀ ಎವ್ರಿ ಡೇ. ನೋಬಡಿ ಸೇ ಜೀನಿಯಸ್.”

ಇದಕ್ಕೆಲ್ಲ ಆರು ಪಿರಿಯಡ್ ಹಿಡಿಯಿತು, ಮೊದಲು ಎರಡರಲ್ಲಿ ಮುಗಿಸುತ್ತಿದ್ದೆ. ಮುಂದಿನ ಗದ್ಯಪಾಠವೊಂದನ್ನು ಓಡಿಸಿದೆ. ಪರೀಕ್ಷೆಗೆ ಬೇಕಾದ ಕಂಠಪಾಠದ ಸಾಲುಗಳನ್ನು ಕೊನೆಯ ಐದೈದು ನಿಮಿಷ ಚಪ್ಪಾಳೆ ತಾಳಕ್ಕೆ ಹೇಳಿಸಿದೆ. ಜೋಡಿ ಪ್ರಾಸದ ಚೀಟಿಗಳನ್ನು ಕೈಯಲ್ಲಿ ಹಿಡಿದು ಆಡಿದವರಿಗೆ ಅದು ಕಷ್ಟವಾಗಲಿಲ್ಲ.

ಆ ಹುಡುಗನ ಎರಡು ಸಾಲಿನ ಮುಂದೆ ಕೆಂಪು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತಿದ್ದೆ. ಎರಡು ಕ್ರಿಯಾಪದಕ್ಕೂ ‘ಎಸ್’ ಸೇರಿಸಬೇಕಿತ್ತು. ಅಂದು ಸೇರಿಸಲಿಲ್ಲ. ಮಾರನೆಯ ದಿನ ಅವನೇ ಪುಸ್ತಕದ ಶೀರ್ಷಿಕೆ ನೋಡಿಕೊಂಡು ಒಂದನ್ನು ತಿದ್ದಿದ್ದ.