ಮಿಲಿಯಿಂದ ಕ್ವೆಕ್ಟೊವರೆಗೆ: ಕಿರು ಅಳತೆಗಳನ್ನು ಓದುವುದು ಹೇಗೆ?

0.0000005 ಮೀಟರ್. ಸೊನ್ನೆಗಳನ್ನು ಎಣಿಸುವಷ್ಟರಲ್ಲಿ ಕಣ್ಣು ತಪ್ಪುತ್ತದೆ. ಅದನ್ನೇ 500 ನ್ಯಾನೊಮೀಟರ್ ಎಂದು ಬರೆದರೆ ಒಂದೇ ನೋಟಕ್ಕೆ ಓದಬಹುದು. ಹಸಿರು ಬೆಳಕಿನ ತರಂಗಾಂತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸೊನ್ನೆಗಳ ಕಾಟ ತಪ್ಪಿಸುವುದಕ್ಕೆಂದೇ ಮೆಟ್ರಿಕ್ ಪದ್ಧತಿಯಲ್ಲಿ ಪೂರ್ವಪ್ರತ್ಯಯಗಳಿವೆ.

ಮೊದಲು ಕ್ರಮವನ್ನು ಬಾಯಿಪಾಠ ಮಾಡಿಕೊಳ್ಳಿ: ಮಿಲಿ, ಮೈಕ್ರೊ, ನ್ಯಾನೊ, ಪಿಕೊ, ಫೆಮ್ಟೊ, ಆಟೊ. ಒಂದೊಂದು ಮೆಟ್ಟಿಲು ಇಳಿದಾಗಲೂ ಅಳತೆ ಸಾವಿರ ಪಟ್ಟು ಕಿರಿದಾಗುತ್ತದೆ. ಮಿಲಿ ಎಂದರೆ ಸಾವಿರದಲ್ಲೊಂದು ಪಾಲು, ಮೈಕ್ರೊ ಹತ್ತು ಲಕ್ಷದಲ್ಲೊಂದು, ನ್ಯಾನೊ ನೂರು ಕೋಟಿಯಲ್ಲೊಂದು.

ಇನ್ನು ಪರಿವರ್ತನೆ. 0.00025 ಗ್ರಾಂ ಎಂದರೆ ಎಷ್ಟು ಮೈಕ್ರೊಗ್ರಾಂ? ಗ್ರಾಂನಿಂದ ಮಿಲಿ, ಮಿಲಿಯಿಂದ ಮೈಕ್ರೊ, ಹೀಗೆ ಎರಡು ಮೆಟ್ಟಿಲು. ಮೆಟ್ಟಿಲಿಗೆ ಮೂರರಂತೆ ದಶಮಾಂಶ ಬಿಂದುವನ್ನು ಆರು ಸ್ಥಾನ ಬಲಕ್ಕೆ ಸರಿಸಿ. 250 ಮೈಕ್ರೊಗ್ರಾಂ ಸಿಗುತ್ತದೆ. ಮೇಲೇರುವಾಗ ಎಡಕ್ಕೆ ಸರಿಸಬೇಕು: 40 ನ್ಯಾನೊಮೀಟರ್ ಎಂದರೆ 0.00004 ಮಿಲಿಮೀಟರ್. ದಿಕ್ಕು ಗೊಂದಲವಾದರೆ ಒಂದೇ ಪ್ರಶ್ನೆ ಸಾಕು: ಮಾನ ಚಿಕ್ಕದಾಯಿತೇ? ಹಾಗಾದರೆ ಸಂಖ್ಯೆ ದೊಡ್ಡದಾಗಲೇಬೇಕು.

ಹೆಚ್ಚಿನವರು ಎಡವುವುದು ಚದರ ಮತ್ತು ಘನ ಅಳತೆಗಳಲ್ಲಿ. ಒಂದು ಚದರ ಮಿಲಿಮೀಟರ್ ಎಂದರೆ ಚದರ ಮೀಟರಿನ ಸಾವಿರದಲ್ಲೊಂದು ಪಾಲಲ್ಲ. ಉದ್ದದಲ್ಲೂ ಸಾವಿರ, ಅಗಲದಲ್ಲೂ ಸಾವಿರ. ಆದ್ದರಿಂದ ಅದು ಹತ್ತು ಲಕ್ಷದಲ್ಲೊಂದು ಪಾಲು. ಘನ ಮಿಲಿಮೀಟರ್ ಆದರೆ ಘನ ಮೀಟರಿನ ನೂರು ಕೋಟಿಯಲ್ಲೊಂದು. ಇಲ್ಲಿ ಘಾತ ಪೂರ್ವಪ್ರತ್ಯಯಕ್ಕೂ ಅನ್ವಯಿಸುತ್ತದೆ. ಲೀಟರಿಗೆ ಈ ತೊಡಕಿಲ್ಲ: ಮಿಲಿಲೀಟರ್ ಲೀಟರಿನ ಸಾವಿರದಲ್ಲೊಂದು ಪಾಲು, ಅಷ್ಟೇ. ಒಂದು ಘನ ಮಿಲಿಮೀಟರ್ ಸರಿಯಾಗಿ ಒಂದು ಮೈಕ್ರೊಲೀಟರಿಗೆ ಸಮ ಎಂಬುದನ್ನು ನೆನಪಿಟ್ಟರೆ ಎರಡೂ ದಾರಿಗಳು ಕೂಡುತ್ತವೆ.

ಸಂಕೇತಗಳಲ್ಲಿ ಉದಾಸೀನ ಬೇಡವೇ ಬೇಡ. ಇಂಗ್ಲಿಷಿನ ಸಣ್ಣ ಎಂ ಮಿಲಿ. ದೊಡ್ಡ ಎಂ ಬರೆದರೆ ಮೆಗಾ, ಅಂದರೆ ಹತ್ತು ಲಕ್ಷ ಪಟ್ಟು. ಮೈಕ್ರೊವಿನ ಸಂಕೇತ ಗ್ರೀಕ್ ಅಕ್ಷರ ಮ್ಯೂ. ಕೈಬರಹದಲ್ಲಿ ಅದು ಎಂನಂತೆ ಕಂಡರೆ ಔಷಧದ ಪ್ರಮಾಣ ಸಾವಿರ ಪಟ್ಟು ಏರಿಬಿಡುತ್ತದೆ. ಆದ್ದರಿಂದ ಔಷಧದ ಚೀಟಿಯಲ್ಲಿ ಮೈಕ್ರೊಗ್ರಾಂ ಎಂದು ಪೂರ್ತಿ ಬರೆಯುವುದೇ ಕ್ಷೇಮ. ಎರಡು ಪೂರ್ವಪ್ರತ್ಯಯಗಳನ್ನು ಒಟ್ಟಿಗೆ ಜೋಡಿಸುವಂತಿಲ್ಲ. ಕಿಲೋಗ್ರಾಂನಲ್ಲಿ ಈಗಾಗಲೇ ಒಂದಿರುವುದರಿಂದ ಮೈಕ್ರೊಕಿಲೋಗ್ರಾಂ ಎನ್ನದೆ ಮಿಲಿಗ್ರಾಂ ಎನ್ನುತ್ತೇವೆ.

ಉತ್ತರ ಬಂದ ಮೇಲೆ ಅದು ನಂಬುವಂತಿದೆಯೇ ಎಂದು ನೋಡಲು ಕೆಲವು ಗುರುತುಗಳಿರಲಿ. ತಲೆಗೂದಲಿನ ದಪ್ಪ ಸಾಮಾನ್ಯವಾಗಿ 50ರಿಂದ 100 ಮೈಕ್ರೊಮೀಟರ್. ಕೆಂಪು ರಕ್ತಕಣದ ಅಗಲ 7ರಿಂದ 8 ಮೈಕ್ರೊಮೀಟರ್. ಡಿಎನ್‌ಎ ಎಳೆಯ ಅಗಲ ಸುಮಾರು 2 ನ್ಯಾನೊಮೀಟರ್, ಹೈಡ್ರೋಜನ್ ಪರಮಾಣುವಿನದು ಸುಮಾರು 0.1 ನ್ಯಾನೊಮೀಟರ್. ಅದರ ನಡುವಿನ ಪ್ರೋಟಾನ್ ಅಳೆಯಲು ಫೆಮ್ಟೊಮೀಟರಿಗೇ ಇಳಿಯಬೇಕು.

ಕಾಲದ ಅಳತೆಗೆ ಬೆಳಕೇ ಗುರುತು. ಅದು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಒಂದು ಆಟೊಸೆಕೆಂಡಿನಲ್ಲಿ ಸಾಗುವುದು 0.3 ನ್ಯಾನೊಮೀಟರ್ ಮಾತ್ರ, ಮೂರು ಹೈಡ್ರೋಜನ್ ಪರಮಾಣುಗಳನ್ನು ಸಾಲಾಗಿ ಇಟ್ಟಷ್ಟು ದೂರ! ಇಷ್ಟು ಕ್ಷಣಿಕವಾದ ಬೆಳಕಿನ ಮಿಡಿತಗಳನ್ನು ಉಂಟುಮಾಡುವ ಪ್ರಯೋಗಗಳಿಗಾಗಿ ಪಿಯೆರ್ ಅಗೊಸ್ತಿನಿ, ಫೆರೆಂಕ್ ಕ್ರೌಸ್ ಮತ್ತು ಆನ್ ಲುಯಿಲಿಯೆ ಅವರಿಗೆ 2023ರ ಭೌತಶಾಸ್ತ್ರದ ನೊಬೆಲ್ ಸಂದಿತು.

ಆಟೊ ಕೆಳಗೂ ಮೆಟ್ಟಿಲುಗಳಿವೆ. ಜೆಪ್ಟೊ, ಯೊಕ್ಟೊ 1991ರಲ್ಲಿ ಸೇರಿದವು; 2022ರ ನವೆಂಬರಿನಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನ ರಾಂಟೊ, ಕ್ವೆಕ್ಟೊಗಳನ್ನು ಸೇರಿಸಿತು. ಎಲೆಕ್ಟ್ರಾನಿನ ದ್ರವ್ಯರಾಶಿ ಸುಮಾರು 0.911 ರಾಂಟೊಗ್ರಾಂ. ಬಿಂದುವನ್ನು ಮೂರು ಸ್ಥಾನ ಬಲಕ್ಕೆ ಸರಿಸಿದರೆ 911 ಕ್ವೆಕ್ಟೊಗ್ರಾಂ.